ಪಾಸ್‌ವರ್ಡ್ ಬರೋಬರಿ ಇತ್ತು

ನಮ್ಮ ಕಡೆ ಕೀಲಿ ಅಂದರೆ ಬೀಗ, ಕೀಲಿಕೈ ಅಂದರೆ ಬೀಗದ ಕೈ. ಬೀಗ ಅಂದರೆ ಮಗಳ ಮಾವ. ಬೆಂಗಳೂರಿಗೆ ಬಂದ ಹೊಸತರಲ್ಲಿ ಮನೆ ಮಾಲೀಕರು "ಬೀಗ ಹಾಕ್ಕೊಂಡು ಹೋಗಿ" ಎಂದಾಗ ನಾನು ಒಂದು ಗಳಿಗೆ ನಿಂತುಬಿಟ್ಟಿದ್ದೆ. ಹದಿನೈದು ವರ್ಷ ಕಳೆದರೂ ಊರಿಗೆ ಫೋನು ಮಾಡಿದಾಗ ನನ್ನ ಬಾಯಲ್ಲಿ ಕೀಲಿಯೇ ಬರುತ್ತದೆ. ಈಗ ಹೇಳಹೊರಟಿರುವುದು ಅಂಥ ಒಂದು ಕೀಲಿಯ ಕತೆ. ಅದನ್ನು ಮಾಡಿದವನು ನಾನು, ಅದು ತೆರೆಯದೆ ಹೋದಾಗ ಮಾತು ಕೇಳಿದವರು ನಮ್ಮ ಕಾಕಾ.

ನಮ್ಮೂರು ಸಂಪಗಾಂವ. ಬ್ರಿಟಿಷರ ಕಾಲದಲ್ಲಿ ಇಡೀ ತಾಲೂಕಿಗೇ ಈ ಹೆಸರಿತ್ತು. ಬೈಲಹೊಂಗಲ, ಕಿತ್ತೂರು ಎರಡೂ ಅದರೊಳಗೆ. ಈಗ ಬೈಲಹೊಂಗಲ ತಾಲೂಕು, ನಾವು ಅದರೊಳಗಿನ ಒಂದು ಹಳ್ಳಿ. ಕಾಕಾ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋಗುತ್ತಿದ್ದರು. ಅಲ್ಲೊಂದು ಪತ್ತಿನ ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತರಾಗಿ ಸೇರಿ, ಮ್ಯಾನೇಜರ್ ಆಗಿ, ಮೂವತ್ತು ವರ್ಷದ ಮೇಲೆ ಕಳೆದಿದ್ದರು. ಸೊಸೈಟಿಯ ಜೀವಾಳ ಪಿಗ್ಮಿ. 1928ರಲ್ಲಿ ಉಡುಪಿಯ ಬ್ಯಾಂಕೊಂದು ಶುರುಮಾಡಿದ ಈ ಪದ್ಧತಿ ನಮ್ಮ ಕಡೆಯ ಪೇಟೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಏಜೆಂಟರು ಸಂಜೆ ಅಂಗಡಿ ಅಂಗಡಿಗೆ ಹೋಗಿ ಐವತ್ತು, ನೂರು ರೂಪಾಯಿ ಕೂಡಿಸಿಕೊಂಡು ಬರುತ್ತಾರೆ. ಮೊದಲು ಪಾವತಿ ಪುಸ್ತಕ ಇತ್ತು, ಆಮೇಲೆ ಮೊಬೈಲ್ ಆ್ಯಪ್ ಬಂತು. ಆ್ಯಪ್ ಮಾತಾಡುವುದು ಸೊಸೈಟಿಯ ಸರ್ವರ್ ಜೊತೆ. ಆ ಸರ್ವರ್ ಇದ್ದದ್ದು ತಿಜೋರಿ ಇದ್ದ ಕೋಣೆಯಲ್ಲೇ, ತಿಜೋರಿಯ ಪಕ್ಕದ ಕಪಾಟಿನಲ್ಲಿ. ಜಾಗದ ಆಯ್ಕೆ ಕಾಕಾರದು. "ಎರಡೂ ಒಂದ ನಮೂನಿ ಸಾಮಾನಲ್ಲೇನು" ಅಂದಿದ್ದರು.

ಹೀಗೆ ದೂರದ ಫೋನು ಸರ್ವರ್ ಜೊತೆ ಮಾತಾಡುವಾಗ ತಾನು ಮಾತಾಡುತ್ತಿರುವುದು ನಿಜವಾಗಿ ಆ ಸೊಸೈಟಿಯ ಯಂತ್ರದ ಜೊತೆಗೇ ಎಂದು ಅದಕ್ಕೆ ಗೊತ್ತಾಗಬೇಕು. ಅದಕ್ಕೆ ಸರ್ಟಿಫಿಕೇಟ್ ಬೇಕು. ಇದನ್ನು ನಾನು ಕಾಕಾರಿಗೆ ಅವರ ಆಫೀಸಿನ ಭಾಷೆಯಲ್ಲೇ ವಿವರಿಸಿದ್ದೆ. ಸೊಸೈಟಿಯ ನೋಂದಣಿ ಪತ್ರ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರಲ್ಲ, ಸರ್ಟಿಫಿಕೇಟ್ ಅಂದರೆ ಅದು. ಯಾರು ಬೇಕಾದರೂ ನೋಡಬಹುದು, ನೋಡಲಿ ಅಂತಲೇ ಇರುವುದು. ಪ್ರೈವೇಟ್ ಕೀ ಅಂದರೆ ಮೇಜಿನ ಖಾನೆಯಲ್ಲಿ ಕೀಲಿ ಹಾಕಿ ಇಡುವ ಶಿಕ್ಕಾ. ಅದು ಇನ್ನೊಬ್ಬರ ಕೈಗೆ ಸಿಕ್ಕರೆ ಅವರೇ ಸೊಸೈಟಿ ಆಗಿಬಿಡುತ್ತಾರೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವಾಗ ಇವೆರಡನ್ನೂ ಒಂದೇ ಡಬ್ಬಿಗೆ ಹಾಕಿ, ಪಾಸ್‌ವರ್ಡ್‌ನಿಂದ ಮುಚ್ಚಿ ಕಳಿಸುವ ರೂಢಿ ಇದೆ. ಆ ಡಬ್ಬಿಗೆ ಪಿಎಫ್‌ಎಕ್ಸ್ ಅಂತಲೋ ಪಿ12 ಅಂತಲೋ ಹೆಸರು.

"ಅಂದ್ರ ಪತ್ರಾನೂ ಶಿಕ್ಕಾನೂ ಒಂದ ಚೀಲದಾಗ ಹಾಕಿ ಬಸ್ಸಿಗೆ ಕೊಟ್ಟು ಕಳಸ್ತಿ" ಅಂದರು ಕಾಕಾ.

"ಚೀಲಕ್ಕ ಕೀಲಿ ಹಾಕಿರತೇನ್ರಿ ಕಾಕಾ."

ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಸರ್ಟಿಫಿಕೇಟ್ ಆಗ ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಿತ್ತು. 2020ರ ಸೆಪ್ಟೆಂಬರಿನಿಂದ 398 ದಿನಕ್ಕಿಂತ ಹೆಚ್ಚಿನ ಅವಧಿಯದನ್ನು ಬ್ರೌಸರುಗಳು ಒಪ್ಪುತ್ತಿರಲಿಲ್ಲ. ಈ ಅವಧಿಯನ್ನು ಹಂತ ಹಂತವಾಗಿ ಇಳಿಸಿ 2029ರ ಹೊತ್ತಿಗೆ 47 ದಿನಕ್ಕೆ ತರುವುದೆಂದೂ ಈಗ ತೀರ್ಮಾನವಾಗಿದೆ. ಮನೆಯ ಹುಡುಗ ಅಂತ ಸೊಸೈಟಿಯ ಈ ವಾರ್ಷಿಕ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೆಂಗಳೂರಿನಲ್ಲಿ ಕೂತು ಡಬ್ಬಿ ತಯಾರು ಮಾಡಿ ಇಮೇಲ್‌ನಲ್ಲಿ ಕಳಿಸುವುದು, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳುವುದು. ಡಬ್ಬಿ ಒಂದು ದಾರಿ, ಕೀಲಿಕೈ ಇನ್ನೊಂದು ದಾರಿ. ಹೊರಗಿನಿಂದ ಸರ್ವರ್ ಒಳಗೆ ಹೋಗುವ ದಾರಿಯನ್ನು ನಾನೇ ಹೇಳಿ ಮುಚ್ಚಿಸಿದ್ದೆ, ಹಾಗಾಗಿ ಅಲ್ಲಿ ಕೂತು ಒತ್ತುವ ಕೈ ಕಾಕಾರದೇ ಆಗಬೇಕಿತ್ತು. ಎರಡು ವರ್ಷ ಯಾವ ತಕರಾರೂ ಇಲ್ಲದೆ ನಡೆಯಿತು.

2022ರಲ್ಲಿ ನನ್ನದೇ ಅಲಕ್ಷ್ಯದಿಂದ ಕೆಲಸ ಕೊನೆಯ ದಿನಕ್ಕೆ ಬಂತು. ಹಳೆಯ ಸರ್ಟಿಫಿಕೇಟಿನ ಅವಧಿ ಗ್ರೀನಿಚ್ ಲೆಕ್ಕದ ನಡುರಾತ್ರಿಗೆ ಮುಗಿಯುತ್ತಿತ್ತು, ಅಂದರೆ ನಮ್ಮ ಬೆಳಗಿನ ಐದೂವರೆ. ನಾನು ಡಬ್ಬಿ ಕಳಿಸಿದ್ದು ಬೆಳಿಗ್ಗೆ ಹತ್ತಕ್ಕೆ. ಸಂಜೆ ನಾಲ್ಕಕ್ಕೆ ಏಜೆಂಟರು ಹೊರಡುತ್ತಾರೆ. ಫೋನಿನಲ್ಲಿ ಪಾಸ್‌ವರ್ಡ್ ಹೇಳಿದೆ. ಹದಿನಾಲ್ಕು ಅಕ್ಷರ. "ಸಣ್ಣ ಕೆ, ದೊಡ್ಡ ಆರ್, ಏಳು, ಬಾಲ ಇರೂ ಎ, ಸೊನ್ನಿ, ಓ ಅಲ್ಲ ಮತ್ತ, ಸೊನ್ನಿ." ಕಾಕಾ ಒಂದೊಂದನ್ನೂ ತಿರುಗಿ ಹೇಳುತ್ತ ಬರೆದುಕೊಂಡರು. ಐದು ನಿಮಿಷದಲ್ಲಿ ಫೋನು ಬಂತು.

"ತಮ್ಮಾ, ಪಾಸ್‌ವರ್ಡ್ ಬರೋಬರಿ ಇಲ್ಲ ಅಂತೈತಿ."

"ಇನ್ನೊಮ್ಮೆ ನೋಡಿ ಹೊಡೀರಿ ಕಾಕಾ."

ಇನ್ನೊಮ್ಮೆ ಹೊಡೆದರು. ಮತ್ತೊಮ್ಮೆ. ಕ್ಯಾಪ್ಸ್ ಲಾಕ್ ನೋಡಲು ಹೇಳಿದೆ, ನೋಡಿದರು. ನೋಟ್‌ಪ್ಯಾಡಿನಲ್ಲಿ ಹೊಡೆದು ಓದಿ ಹೇಳಲು ಹೇಳಿದೆ, ಓದಿದರು, ಸರಿಯಾಗಿಯೇ ಇತ್ತು. ಆದರೆ ಓದುವಾಗ ಅವರು ಪರದೆಯನ್ನು ನೋಡಿ ಓದುತ್ತಿದ್ದಾರೋ ಚೀಟಿ ನೋಡಿ ಓದುತ್ತಿದ್ದಾರೋ ಎಂದು ನನಗೆ ಅನುಮಾನ. ಹೋದ ವರ್ಷ ಇದೇ ಕಮಾಂಡಿನಿಂದ ಮಾಡಿದ ಡಬ್ಬಿ ಇದೇ ಸರ್ವರ್‌ನಲ್ಲಿ ತೆರೆದಿತ್ತು. ಈಗಿನ ಡಬ್ಬಿ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿತ್ತು. ಬದಲಾಗದೆ ಉಳಿದದ್ದು ಎಲ್ಲವೂ, ವಯಸ್ಸಾದದ್ದು ಕಾಕಾರಿಗೆ ಮಾತ್ರ. ನನ್ನ ಲೆಕ್ಕ ಹಾಗಿತ್ತು.

ಹನ್ನೊಂದನೆಯ ಸಲ ಆದ ಮೇಲೆ ನಾನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಕಾಕಾ, ಚಾಳೀಸು ಹಾಕ್ಕೊಂಡೀರಿಲ್ಲೋ? ಯಾರಾದ್ರೂ ಸಣ್ಣ ಹುಡುಗ್ರು ಇದ್ರ ಅವರ ಕೈಯಾಗ ಕೊಡ್ರಿ." ಆ ಕಡೆ ಸ್ಪೀಕರ್ ಹಾಕಿದ್ದರು. ಸಿಬ್ಬಂದಿ ಎಲ್ಲ ಸುತ್ತ ನಿಂತಿದ್ದರು ಅಂತ ಆಮೇಲೆ ಗೊತ್ತಾಯಿತು. ಹೊಸದಾಗಿ ಸೇರಿದ್ದ ಹುಡುಗನೊಬ್ಬ "ಸಾಹೇಬ್ರ, ನಾ ಹೊಡೀತೇನ್ರಿ" ಅಂತ ಕೂತ. ಅವನಿಗೂ ಅದೇ ಉತ್ತರ ಬಂತು. ಆಗಲಾದರೂ ನಮಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಹುಡುಗ ಚೀಟಿ ನೋಡಿ ಹೊಡೆದಿದ್ದಾನೆ, ಚೀಟಿ ಬರೆದವರು ಕಾಕಾ, ಹಾಗಾದರೆ ಚೀಟಿಯೇ ತಪ್ಪು ಎಂದು ಎಲ್ಲರೂ ಒಟ್ಟಿಗೆ ತೀರ್ಮಾನಿಸಿದೆವು. ಕಾಕಾ ಕೂಡ. "ಆತು, ನನಗ ಕೇಳಸಾಕ ತಪ್ಪಿರಬೇಕು" ಅಂದರು. ಅಂದು ಏಜೆಂಟರು ಹಳೆಯ ಪಾವತಿ ಪುಸ್ತಕ ಹಿಡಿದು ಹೋದರು. ಅದೇನು ದೊಡ್ಡ ನಷ್ಟವಲ್ಲ.

ರಾತ್ರಿ ಊಟವಾದ ಮೇಲೆ ನನಗೆ ಸಮಾಧಾನ ಆಗಲಿಲ್ಲ. ಕಾಕಾರ ತಪ್ಪು ಎಲ್ಲಿದೆ ಅಂತ ಹುಡುಕಲಿಕ್ಕೇ ಕೂತೆ, ಸುಳ್ಳು ಯಾಕೆ ಹೇಳಲಿ. ಲ್ಯಾಪ್‌ಟಾಪಿನಲ್ಲೇ ಸೊಸೈಟಿಯ ಸರ್ವರಿನಷ್ಟು ಹಳೆಯ ವಿಂಡೋಸ್ ಒಂದನ್ನು ಎಬ್ಬಿಸಿ, ಅದೇ ಡಬ್ಬಿ ಕೊಟ್ಟು, ಪಾಸ್‌ವರ್ಡನ್ನು ಕೈಯಲ್ಲಿ ಹೊಡೆಯದೆ ಕಾಪಿ ಮಾಡಿ ಅಂಟಿಸಿದೆ. ಪಾಸ್‌ವರ್ಡ್ ಸರಿಯಿಲ್ಲ ಎಂದಿತು. ಅಕ್ಷರ ತಪ್ಪಲು ಅಲ್ಲಿ ಕೈಯೇ ಇರಲಿಲ್ಲ. ಆ ಒಂದು ಸಾಲನ್ನು ನೋಡುತ್ತ ನನಗೆ ಹೊಟ್ಟೆಯಲ್ಲಿ ಏನೋ ಆಯಿತು.

ಆಗಿದ್ದು ಇಷ್ಟು. ಆ ಬೇಸಿಗೆಯಲ್ಲಿ ನನ್ನ ಲ್ಯಾಪ್‌ಟಾಪಿಗೆ ಹೊಸ ಲಿನಕ್ಸ್ ಹಾಕಿಕೊಂಡಿದ್ದೆ. ಅದರ ಜೊತೆ ಓಪನ್‌ಎಸ್‌ಎಸ್‌ಎಲ್ 3 ಬಂದಿತ್ತು, 2021ರ ಸೆಪ್ಟೆಂಬರಿನಲ್ಲಿ ಹೊರಬಂದದ್ದು. ಡಬ್ಬಿ ತಯಾರಿಸುವ ಕಮಾಂಡ್ ಅದೇ, ಆದರೆ ಒಳಗಿನ ಕೀಲಿ ಬದಲಾಗಿತ್ತು. ಇದನ್ನು ಅರ್ಥ ಮಾಡಿಕೊಳ್ಳಲು ಈ ಡಬ್ಬಿಯ ಹುಟ್ಟಿಗೆ ಸ್ವಲ್ಪ ಹೋಗಬೇಕು.

ಪಿಎಫ್‌ಎಕ್ಸ್ ಮೊದಲು ಬಂದದ್ದು 1996ರ ಸುಮಾರಿಗೆ, ಮೈಕ್ರೋಸಾಫ್ಟ್‌ನಿಂದ. ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ ಎಂಬ ಗೂಢಲಿಪಿ ತಜ್ಞ ಅದನ್ನು ನೋಡಿ, ಮಾನಕವೊಂದನ್ನು ಹೇಗೆ ರೂಪಿಸಬಾರದು ಎಂಬುದಕ್ಕೆ ಉದಾಹರಣೆ ಎಂಬಂತೆ ಲೇಖನ ಬರೆದ. 1999ರಲ್ಲಿ ಆರ್‌ಎಸ್‌ಎ ಸಂಸ್ಥೆ ಅದನ್ನೇ ತಿದ್ದಿ ಪಿಕೆಸಿಎಸ್ 12 ಎಂಬ ಹೆಸರಲ್ಲಿ ಹೊರತಂದಿತು. ಆಗ ಅಮೆರಿಕದಲ್ಲಿ ಬಲವಾದ ಗೂಢಲಿಪಿಯನ್ನು ಹೊರದೇಶಕ್ಕೆ ಕಳಿಸಲು ನಿರ್ಬಂಧವಿತ್ತು. 40 ಬಿಟ್‌ನ ದುರ್ಬಲ ಕೀಲಿಯನ್ನಾದರೆ ಸುಲಭವಾಗಿ ಬಿಡುತ್ತಿದ್ದರು. 2000ದ ಜನವರಿಯಲ್ಲಿ ಆ ನಿಯಮ ಸಡಿಲವಾಯಿತು, ಆದರೆ ಡಬ್ಬಿಯೊಳಗಿನ ರೂಢಿ ಉಳಿದುಕೊಂಡಿತು. ಸರ್ಟಿಫಿಕೇಟಿಗೆ ಆರ್‌ಸಿ2 ಎಂಬ 40 ಬಿಟ್ ಕೀಲಿ, ಪ್ರೈವೇಟ್ ಕೀಗೆ ಟ್ರಿಪಲ್ ಡೆಸ್ ಎಂಬ ಕೊಂಚ ಗಟ್ಟಿ ಕೀಲಿ. 40 ಬಿಟ್ ಅಂದರೆ ಒಟ್ಟು ಸುಮಾರು 1 ಲಕ್ಷ 10 ಸಾವಿರ ಕೋಟಿ ಕೀಲಿಕೈಗಳು. ಕೇಳಲು ದೊಡ್ಡದು, ಇಂದಿನ ಯಂತ್ರಕ್ಕೆ ಅಷ್ಟನ್ನೂ ಒಂದೊಂದಾಗಿ ತಿರುವಿ ನೋಡುವುದು ದೊಡ್ಡ ಕೆಲಸವೇ ಅಲ್ಲ. ಗೋಡೆಗೆ ತೂಗುಹಾಕುವ ಪತ್ರಕ್ಕೆ ಆಟಿಕೆಯ ಕೀಲಿ ಸಾಕು ಅಂತ ಎರಡು ದಶಕ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಓಪನ್‌ಎಸ್‌ಎಸ್‌ಎಲ್ 3 ಬರೆದವರು ಈ ಹಳೆಯದನ್ನೆಲ್ಲ ಗುಡಿಸಿದರು. ಇನ್ನು ಮುಂದೆ ಡಬ್ಬಿಗೆ 256 ಬಿಟ್‌ನ ಎಇಎಸ್. ಪಾಸ್‌ವರ್ಡಿನಿಂದ ಕೀಲಿಕೈ ಕಡೆಯುವ ವಿಧಾನವೂ ಹೊಸದು, ಡಬ್ಬಿಯನ್ನು ಯಾರೂ ತಿದ್ದಿಲ್ಲ ಎಂದು ತೋರಿಸುವ ಮೇಲಿನ ಮುದ್ರೆಯೂ ಹೊಸದು. ಒಳ್ಳೆಯ ಕೆಲಸವೇ. ಆದರೆ ವಿಂಡೋಸ್ ಸರ್ವರ್ 2016 ಮತ್ತು ಅದಕ್ಕಿಂತ ಹಿಂದಿನವಕ್ಕೆ ಈ ಹೊಸ ಕೀಲಿಯ ಪರಿಚಯವಿಲ್ಲ.

ಪರಿಚಯ ಇಲ್ಲದಿರುವುದು ತಪ್ಪಲ್ಲ. ನನಗೆ ಸಿಟ್ಟು ಬಂದದ್ದು ಅದು ಕೊಟ್ಟ ಉತ್ತರಕ್ಕೆ. ಡಬ್ಬಿ ತೆರೆಯುವಾಗ ಯಂತ್ರ ಮೊದಲು ಮುದ್ರೆಯನ್ನು ನೋಡುತ್ತದೆ. ಕೊಟ್ಟ ಪಾಸ್‌ವರ್ಡಿನಿಂದ ತಾನೂ ಒಂದು ಮುದ್ರೆ ಕಟ್ಟಿ, ಡಬ್ಬಿಯ ಮೇಲಿರುವ ಮುದ್ರೆಗೆ ಹೋಲಿಸುತ್ತದೆ. ಎರಡೂ ಹೊಂದದಿದ್ದರೆ ಪಾಸ್‌ವರ್ಡ್ ತಪ್ಪಿರಬಹುದು, ಇಲ್ಲವೇ ದಾರಿಯಲ್ಲಿ ಯಾರೋ ಡಬ್ಬಿ ಮುಟ್ಟಿರಬಹುದು. ಈ ಎರಡರಲ್ಲಿ ಯಾವುದು ಎಂದು ಅದಕ್ಕೆ ತಿಳಿಯಲು ಸಾಧ್ಯವಿಲ್ಲ, ಒಪ್ಪೋಣ. ಆದರೆ ಡಬ್ಬಿಗೆ ಯಾವ ಜಾತಿಯ ಕೀಲಿ ಹಾಕಿದೆ ಎಂಬುದು ಗುಟ್ಟಲ್ಲ. ಅದು ಡಬ್ಬಿಯ ಮೇಲೆಯೇ ಅಂಕಿಗಳ ಸಾಲಾಗಿ ಬರೆದಿರುತ್ತದೆ. ಹಳೆಯ ಆರ್‌ಸಿ2 ಆದರೆ 1.2.840.113549.1.12.1.6, ಹೊಸದಾದರೆ 1.2.840.113549.1.5.13. ಇದರಲ್ಲಿ 840 ಅಂದರೆ ಅಮೆರಿಕ, 113549 ಅಂದರೆ ಆರ್‌ಎಸ್‌ಎ. ಹಳ್ಳಿ, ಹೋಬಳಿ, ಸರ್ವೆ ನಂಬರಿನ ಹಾಗೆ. ಅದನ್ನು ಓದಿ "ಈ ಕೀಲಿ ನನಗೆ ತಿಳಿಯದು" ಅನ್ನಬಹುದಿತ್ತು. ಅದರ ಬದಲು "ನಿಮ್ಮ ಪಾಸ್‌ವರ್ಡ್ ಸರಿಯಿಲ್ಲ" ಅಂದಿತು. ತನಗೆ ಓದಲು ಬಾರದ್ದನ್ನು ಎದುರಿಗೆ ಕೂತವರ ತಪ್ಪು ಮಾಡಿತು. ಹಳೆಯ ಯಂತ್ರಗಳದಷ್ಟೇ ಅಲ್ಲ, ಬೇರೆ ಕೆಲವು ತಂತ್ರಾಂಶಗಳದೂ ಇದೇ ಚಾಳಿ. ಇದರ ಉಲ್ಟಾ ಕೂಡ ಉಂಟು. ಹಳೆಯ ಆರ್‌ಸಿ2 ಡಬ್ಬಿಯನ್ನು ಹೊಸ ಓಪನ್‌ಎಸ್‌ಎಸ್‌ಎಲ್‌ಗೆ ಕೊಟ್ಟರೆ ಅದೂ ತೆರೆಯುವುದಿಲ್ಲ. ಆದರೆ ಇದಕ್ಕೆ ಬೆಂಬಲವಿಲ್ಲ ಎಂದು ಆರ್‌ಸಿ2ರ ಹೆಸರು ಹಿಡಿದು ಹೇಳುತ್ತದೆ. ಕಮಾಂಡಿನ ಜೊತೆ 'ಲೆಗಸಿ' ಎಂಬ ಒಂದು ಪದ ಸೇರಿಸಿದರೆ ತೆರೆದುಕೊಡುತ್ತದೆ.

ರಾತ್ರಿ ಹನ್ನೆರಡು ದಾಟಿತ್ತು. ಬೆಳಿಗ್ಗೆ ಏಳಕ್ಕೆ ಫೋನು ಮಾಡಿದೆ. ಕಾಕಿ ಎತ್ತಿದರು. "ನಿಮ್ಮ ಕಾಕಾ ಮೊದಲನೇ ಬಸ್ಸಿಗೆ ಧಾರವಾಡಕ್ಕ ಹೋದ್ರು. ಕಣ್ಣು ತೋರಸಾಕ. ರಾತ್ರಿ ನಿದ್ದಿನ ಮಾಡಿಲ್ಲ ನೋಡು, ಆ ಚೀಟಿ ಹಿಡಕೊಂಡು ಓದೂದು, ಇಡೂದು."

ನಾನು ಏನೂ ಹೇಳದೆ ಫೋನು ಇಟ್ಟೆ. ಕಾಕಿಗೆ ಎಇಎಸ್ ಬಗ್ಗೆ ಏನು ಹೇಳುವುದು.

ಮಧ್ಯಾಹ್ನ ಕಾಕಾರೇ ಫೋನು ಮಾಡಿದರು. ಕಣ್ಣಿನ ನಂಬರು ಬದಲಾಗಿಲ್ಲವಂತೆ, ಪೊರೆಯೂ ಇಲ್ಲವಂತೆ. ಹೇಳುವಾಗ ದನಿಯಲ್ಲಿ ಸಂತೋಷಕ್ಕಿಂತ ಗೊಂದಲ ಇತ್ತು. ಕಣ್ಣು ಸರಿ ಇದ್ದರೆ ಹಾಳಾಗಿರುವುದು ತಲೆಯೇ ಇರಬೇಕು ಅಂತ ಅವರು ಲೆಕ್ಕ ಹಾಕುತ್ತಿದ್ದರು. ನಾನು ಅಂದೆ: "ಕಾಕಾ, ನೀವು ಹೊಡದದ್ದು ಬರೋಬರಿ ಇತ್ರಿ. ಹನ್ನೊಂದು ಸಲಾನೂ ಬರೋಬರಿ ಇತ್ತು. ತಪ್ಪು ನಂದು." ಆ ಕಡೆ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಹುಡುಗನ ಮುಂದ ಹೇಳು ಅದನ್ನ" ಅಂದರು.

ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟೆ. ನಸುಕಿನಲ್ಲಿ ಕಿತ್ತೂರಿನಲ್ಲಿಳಿದು, ಅಲ್ಲಿಂದ ಬೈಲಹೊಂಗಲ. ಹೊಸ ಡಬ್ಬಿ ಪೆನ್‌ಡ್ರೈವಿನಲ್ಲಿತ್ತು. ಹಳೆಯ ಸರ್ವರಿಗೆ ತಿಳಿಯಲಿ ಎಂದು ಎರಡಕ್ಕೂ ಟ್ರಿಪಲ್ ಡೆಸ್ ಹಾಕಿದ್ದೆ, ಮುದ್ರೆಯೂ ಹಳೆಯದು. ಗಟ್ಟಿ ಕೀಲಿ ತೆಗೆದು ಸಡಿಲ ಕೀಲಿ ಹಾಕಿದ್ದೆ ಎಂಬುದು ಗೊತ್ತಿದ್ದುದರಿಂದ ಇಮೇಲ್‌ನಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಬಸ್ಸಿನಲ್ಲಿ ಪೂರ್ತಿ ರಾತ್ರಿ ಅಂಗಿಯ ಕಿಸೆ ಮುಟ್ಟಿ ನೋಡಿಕೊಳ್ಳುತ್ತ ಬಂದೆ. ಕಾಕಾ ಹೇಳಿದ ಬಸ್ಸಿನ ಚೀಲ ಕೊನೆಗೂ ನಿಜವಾಯಿತು.

ಸೊಸೈಟಿಯಲ್ಲಿ ಎಲ್ಲರ ಎದುರಿಗೆ ಹೇಳಿದೆ. ಹುಡುಗನಿಗೆ ಹಳೆಯ ಡಬ್ಬಿಯನ್ನೂ ಹೊಸದನ್ನೂ ತೆರೆಸಿ ತೋರಿಸಿದೆ, ಒಂದೇ ಪಾಸ್‌ವರ್ಡ್. ಕಾಕಾ ತಮ್ಮ ಡೈರಿಯಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಹದಿನಾಲ್ಕು ಅಕ್ಷರ, ಒಂದೊಂದೂ ಸರಿ. ಸೊನ್ನೆ ಓ ಆಗದಿರಲಿ ಎಂದು ಅದರ ನಡುವೆ ಅಡ್ಡ ಗೆರೆ ಎಳೆದಿದ್ದರು. ದೊಡ್ಡ ಅಕ್ಷರಗಳ ಕೆಳಗೆ ಒಂದೊಂದು ಗೆರೆ. ಮೂವತ್ತು ವರ್ಷ ಲೆಡ್ಜರ್ ಬರೆದವರ ಕೈ. ಅದನ್ನು ನಾನು ಯಾಕೆ ನಂಬಲಿಲ್ಲ?

ಮಧ್ಯಾಹ್ನ ಊಟ ಮುಗಿಸಿ ಚೆನ್ನಮ್ಮನ ಸಮಾಧಿಯ ಕಡೆ ನಡೆದೆವು. ಕಾಕಾರಿಗೆ ಇತಿಹಾಸದ ಹುಚ್ಚು. ಅಲ್ಲಿ ಕೂತು ಅವರೇ ತೆಗೆದರು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಮಕ್ಕಳಿಲ್ಲ, ದತ್ತು ತೆಗೆದುಕೊಂಡಿದ್ದೇನೆ ಎಂದು ಪತ್ರ ಹೋಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಪತ್ರವನ್ನೂ ಸಹಿಯನ್ನೂ ನಂಬಲಿಲ್ಲ. ಬಂದು ಖಜಾನೆಗೆ ಮುದ್ರೆ ಒತ್ತಿಸಿ ಕಾವಲು ಹಾಕಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಯುದ್ಧವಾಗಿ ಅವನೇ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮನನ್ನು ತಂದು ಇದೇ ಬೈಲಹೊಂಗಲದಲ್ಲಿ ಸೆರೆಯಿಟ್ಟರು, 1829ರ ಫೆಬ್ರವರಿ 2ರಂದು ಇಲ್ಲೇ ತೀರಿಕೊಂಡಳು.

"ಥ್ಯಾಕರೆ ಸಾಹೇಬನೂ ನಿನ್ನ ಸರ್ವರಿನಂಗ ಅಂದ. ಸಹಿ ಬರೋಬರಿ ಇಲ್ಲ. ತನಗ ದತ್ತಕದ ರೀತಿ ತಿಳಿಯೂದಿಲ್ಲ ಅಂತ ಅಂದನೇನು?" ಅಂದು ಕಾಕಾ ನಕ್ಕರು. ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಥ್ಯಾಕರೆಗೆ ತಿಳಿಯದ್ದು ಕಡಿಮೆ, ಬೇಕಾದದ್ದು ಹೆಚ್ಚು. ಆದರೆ ಕಾಕಾ ನಕ್ಕದ್ದು ನೋಡಿ ಸುಮ್ಮನಿದ್ದೆ. ಲೆಗಸಿ ಅಂದರೆ ಪಿತ್ರಾರ್ಜಿತ ಅಂತಲೂ ಅರ್ಥ ಎಂದು ಹೇಳಿದರೆ ಇನ್ನೊಂದು ತಾಸು ಹಿಡಿಯುತ್ತಿತ್ತು.

ಏಳುವಾಗ ಅವರು ಕೇಳಿದ ಪ್ರಶ್ನೆ ಮಾತ್ರ ತಮಾಷೆಯದಾಗಿರಲಿಲ್ಲ. "ಶಿಕ್ಕಾ ಬೆಂಗಳೂರಾಗ ಯಾಕ ಮಾಡಸ್ತಿ? ಇಲ್ಲೇ ಸರ್ವರಿನ್ಯಾಗ ಮಾಡಾಕ ಬರೂದಿಲ್ಲೇನು? ಮಾಡಿ ಇಲ್ಲೇ ಇಟ್ಟರ ಅದು ಊರಿಂದ ಊರಿಗೆ ಯಾಕ ತಿರಗತೈತಿ?"

ಬರುತ್ತದೆ. ಅದೇ ಸರಿಯಾದ ದಾರಿ ಕೂಡ. ಯಾವ ಯಂತ್ರ ಬಳಸುತ್ತದೋ ಅಲ್ಲಿಯೇ ಪ್ರೈವೇಟ್ ಕೀ ಹುಟ್ಟಬೇಕು, ಅಲ್ಲಿಂದ ಕದಲಬಾರದು. ಹೊರಗೆ ಹೋಗಬೇಕಾದದ್ದು ಒಂದು ಅರ್ಜಿ ಮಾತ್ರ. ಅರ್ಜಿಗೆ ಸರ್ಟಿಫಿಕೇಟ್ ಉತ್ತರವಾಗಿ ಬರುತ್ತದೆ, ಎರಡರಲ್ಲೂ ಗುಟ್ಟಿಲ್ಲ. ಡಬ್ಬಿ, ಪಾಸ್‌ವರ್ಡ್, ಹದಿನಾಲ್ಕು ಅಕ್ಷರ ಯಾವುದೂ ಬೇಕಿಲ್ಲ. ನನಗೆ ಗೊತ್ತಿತ್ತು. ಫೋನಿನಲ್ಲಿ ಕಾಕಾರ ಕೈಯಿಂದ ಅಷ್ಟೆಲ್ಲ ಮಾಡಿಸುವುದು ತ್ರಾಸು ಅಂತ, ನನ್ನ ಅನುಕೂಲಕ್ಕೆ, ಮೂರು ವರ್ಷ ಶಿಕ್ಕಾವನ್ನು ಅಂಚೆಗೆ ಹಾಕುತ್ತಿದ್ದೆ.

2023ರಲ್ಲಿ ಅರ್ಜಿಯನ್ನು ಕಾಕಾರೇ ಮಾಡಿದರು. ಪರದೆಯ ಮೇಲೆ ಏನಿದೆ ಎಂದು ಓದಿ ಹೇಳುತ್ತಿದ್ದರು, ನಾನು ಮುಂದೆ ಯಾವುದು ಒತ್ತಬೇಕೆಂದು ಹೇಳುತ್ತಿದ್ದೆ. ನಲವತ್ತು ನಿಮಿಷ ಹಿಡಿಯಿತು. ಕೆಲಸ ಒಂದೇ ಸಲಕ್ಕೆ ಆಯಿತು. ಸರ್ವರ್ ಕೆಟ್ಟರೆ ಇರಲಿ ಅಂತ ಒಂದು ಪ್ರತಿಯನ್ನು ಪಿಎಫ್‌ಎಕ್ಸ್ ಡಬ್ಬಿ ಮಾಡಿ ಪೆನ್‌ಡ್ರೈವಿಗೆ ಹಾಕಿ ಪಕ್ಕದ ತಿಜೋರಿಯಲ್ಲಿಟ್ಟರು. ತಿಜೋರಿಗೆ ಎರಡು ಕೀಲಿಕೈ, ಒಂದು ಮ್ಯಾನೇಜರ್ ಹತ್ತಿರ, ಒಂದು ಕ್ಯಾಷಿಯರ್ ಹತ್ತಿರ. ಇಬ್ಬರೂ ಕೂಡಿದರೆ ಮಾತ್ರ ತೆರೆಯುತ್ತದೆ. ಪಾಸ್‌ವರ್ಡ್ ಇನ್ನೊಂದು ಕಡೆ, ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ.

"ಪೆನ್‌ಡ್ರೈವಿನ ಮ್ಯಾಲ ಏನರ ಬರೀಬೇಕೇನು?" ಅಂತ ಕೇಳಿದರು.

ಯಾವ ತರಹದ ಕೀಲಿ, ಯಾವ ಯಂತ್ರದಲ್ಲಿ ಮಾಡಿದ್ದು, ತಾರೀಖು ಎಷ್ಟು, ಇಷ್ಟನ್ನು ಬರೆಯಲು ಹೇಳಿದೆ. ಮರುವರ್ಷ ಕಾಕಾ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಮೊನ್ನೆ ತಿಜೋರಿ ತೆಗೆದಾಗ ಆ ಪೆನ್‌ಡ್ರೈವಿನ ಫೋಟೋ ತೆಗೆದು ನನಗೆ ಕಳಿಸಿದ್ದರು. ನಾನು ಹೇಳಿದ ಮೂರೂ ಸಾಲುಗಳು ಇದ್ದವು. ಕೆಳಗೆ ಅದೇ ಕೈಯಲ್ಲಿ ನಾಲ್ಕನೆಯದು: "ಹಳೇ ನಮೂನಿ ಕೀಲಿ. ತೆರೀಲಿಲ್ಲಂದ್ರ ಚೀಟಿ ಬರದವನ್ನ ಬೈಬ್ಯಾಡ್ರಿ."